ಆಗಮನ ಕಾಲದಲ್ಲಿ ದೇವರ ಮಾತಿಗೆ ಕಿವಿಗೊಡುವ ಬಗೆ

ನವೆಂಬರ್ ತಿಂಗಳು ಮುಗಿಯುತ್ತ ಬಂದಂತೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪಗಳಲ್ಲಿ ಬರತೊಡಗುತ್ತದೆ. ದೇವರು ಮನುಷ್ಯರೊಂದಿಗೆ ಮಾತನಾಡುತ್ತಾರೆ ಎಂದು ಪ್ರಬೋಧನೆಯಲ್ಲಿ ಕೇಳುತ್ತೇವೆ, ಆದರೆ ನನಗೇಕೆ ಏನೂ ಕೇಳಿಸುವುದಿಲ್ಲ? ಪ್ರಾರ್ಥನೆಯ ನಡುವೆ ಮನಸ್ಸಿನಲ್ಲಿ ಮೂಡಿದ ಮಾತು ದೇವರದ್ದೋ ನನ್ನ ಆಸೆಯದ್ದೋ ಎಂದು ತಿಳಿಯುವುದು ಹೇಗೆ? ಬೈಬಲನ್ನು ಕಣ್ಣು ಮುಚ್ಚಿ ತೆರೆದು, ಬೆರಳು ಬಿದ್ದ ವಾಕ್ಯವನ್ನೇ ಉತ್ತರವೆಂದು ಹಿಡಿಯಬಹುದೇ? ಬದಿಯಡ್ಕದ ಅಡಕೆ ಕೃಷಿಕರು, ಮಂಜೇಶ್ವರದ ಗೃಹಿಣಿಯರು, ದುಡಿಮೆಗೆಂದು ಕೊಲ್ಲಿ ದೇಶಗಳಿಗೆ ಹೋಗಿರುವ ನಮ್ಮೂರಿನ ಯುವಕರು, ಎಲ್ಲರೂ ಕೇಳುವುದು ಇದನ್ನೇ ಆದ್ದರಿಂದ, ಒಬ್ಬೊಬ್ಬರಿಗೆ ತುಂಡುತುಂಡಾಗಿ ಉತ್ತರಿಸುವ ಬದಲು ಮೊದಲಿನಿಂದ ಕ್ರಮವಾಗಿ ಬರೆಯುವುದು ಲೇಸೆಂದು ಕಂಡಿತು.

ಆಗಮನ ಕಾಲವೆಂದರೆ ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಸಿದ್ಧತೆಯ ಅವಧಿ. ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರದಂದು ಅದು ಆರಂಭವಾಗುತ್ತದೆ. ಹಾಗಾಗಿ ಆರಂಭದ ದಿನ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಎಲ್ಲಿಯಾದರೂ ಬರಬಹುದು, ಒಟ್ಟು ಅವಧಿ 22ರಿಂದ 28 ದಿನಗಳಷ್ಟಾಗಬಹುದು. 2026ರಲ್ಲಿ ಅದು ನವೆಂಬರ್ 29ರಂದು ತೊಡಗುತ್ತದೆ. ಈ ಕೆಲವು ವಾರಗಳಲ್ಲಿ ಧರ್ಮಸಭೆ ಓದಿಗೆ ಆರಿಸಿಕೊಂಡಿರುವ ವಾಕ್ಯಗಳಲ್ಲಿ ದೇವರು ಮನುಷ್ಯರನ್ನು ಮಾತನಾಡಿಸಿದ ರೀತಿಗಳೆಲ್ಲ ಒಂದರ ಹಿಂದೆ ಒಂದಾಗಿ ಬರುತ್ತವೆ. ಕೇಳಿಸಿಕೊಳ್ಳುವುದನ್ನು ಕಲಿಯಲು ವರ್ಷದಲ್ಲಿ ಇದಕ್ಕಿಂತ ಅನುಕೂಲದ ಕಾಲವಿಲ್ಲವೆಂದು ನಾನು ನಂಬಿದ್ದೇನೆ.

ಬೇಕಾಗುವ ವಸ್ತುಗಳು

ಒಂದು ಬೈಬಲ್, ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್, ದಿನಕ್ಕೆ ಇಪ್ಪತ್ತು ನಿಮಿಷ, ಮತ್ತು ನೀವು ನಂಬಿ ಮಾತನಾಡಬಲ್ಲ ಒಬ್ಬರು. ಈ ಒಬ್ಬರು ನಿಮ್ಮ ಧರ್ಮಕೇಂದ್ರದ ಗುರುಗಳಾಗಬಹುದು, ಧರ್ಮಭಗಿನಿಯಾಗಬಹುದು, ಪ್ರಾರ್ಥನೆಯಲ್ಲಿ ಪಳಗಿದ ಹಿರಿಯರಾಗಬಹುದು. ಬೈಬಲ್ ಕಾಗದದ್ದಾಗಿದ್ದರೆ ಒಳ್ಳೆಯದು. ಕೊಲ್ಲಿಯಲ್ಲಿ ಹಂಚಿಕೊಂಡ ಕೋಣೆಯಲ್ಲಿ ಇರುವವರು ಮೊಬೈಲಿನಲ್ಲೇ ಓದಬೇಕಾದರೆ, ಓದುವಷ್ಟು ಹೊತ್ತು ಇಂಟರ್‌ನೆಟ್ ಸಂಪರ್ಕವನ್ನು ಕಡಿದಿಡಿ.

ಭಾಷೆಯ ವಿಷಯದಲ್ಲಿ ಒಂದು ಮಾತು. ನಮ್ಮ ಕಾಸರಗೋಡಿನಲ್ಲಿ ಮನೆಯ ಪ್ರಾರ್ಥನೆ ಕೊಂಕಣಿಯಲ್ಲಿ, ಶಾಲೆಯ ಓದು ಕನ್ನಡದಲ್ಲಿ, ನೆರೆಕರೆಯ ಮಾತು ತುಳುವಿನಲ್ಲಿ, ಕಚೇರಿಯ ವ್ಯವಹಾರ ಮಲಯಾಳದಲ್ಲಿ ನಡೆಯುವುದು ಸಾಮಾನ್ಯ. ಯಾವ ಭಾಷೆಯಲ್ಲಿ ಓದಬೇಕೆಂದು ಹಲವರು ಕೇಳುತ್ತಾರೆ. ತಡವರಿಸದೆ ಓದಬಲ್ಲ ಭಾಷೆಯಲ್ಲಿ ಓದಿ. ದೇವರಿಗೆ ಉತ್ತರಿಸುವಾಗ ಮಾತ್ರ, ನಿಮಗೆ ನೋವಾದಾಗ ತಾನಾಗಿ ಬಾಯಿಗೆ ಬರುವ ಭಾಷೆಯಲ್ಲಿ ಉತ್ತರಿಸಿ. ಪವಿತ್ರಾತ್ಮರು ಪ್ರೇಷಿತರ ಮೇಲೆ ಇಳಿದುಬಂದ ಪಂಚಾಶತ್ತಮ ದಿನದಂದು ಜೆರುಸಲೇಮಿನಲ್ಲಿ ನೆರೆದಿದ್ದ ಪ್ರತಿಯೊಬ್ಬರಿಗೂ ದೇವರ ಮಹತ್ಕಾರ್ಯಗಳು ಅವರವರ ಭಾಷೆಯಲ್ಲೇ ಕೇಳಿಸಿದವು ಎಂಬುದನ್ನು ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯದಲ್ಲಿ ನೋಡಬಹುದು.

1. ಮೊದಲು ನಿರೀಕ್ಷೆಯನ್ನು ತಿದ್ದಿಕೊಳ್ಳಿ

ದೇವರ ಮಾತೆಂದರೆ ಕಿವಿಗೆ ಬೀಳುವ ಧ್ವನಿ ಎಂದು ಭಾವಿಸಿ ಕಾಯುವವರು ಬಹುಬೇಗ ನಿರಾಶರಾಗುತ್ತಾರೆ. ಹಿಬ್ರಿಯರಿಗೆ ಬರೆದ ಪತ್ರ ಆರಂಭವಾಗುವುದೇ ಈ ವಿಷಯದಿಂದ: ಹಿಂದೆ ದೇವರು ಪ್ರವಾದಿಗಳ ಮೂಲಕ ಅನೇಕ ಬಾರಿ, ಅನೇಕ ವಿಧಗಳಲ್ಲಿ ಮಾತನಾಡಿದರು; ಈ ಅಂತಿಮ ದಿನಗಳಲ್ಲಿ ತಮ್ಮ ಪುತ್ರನ ಮೂಲಕ ಮಾತನಾಡಿದ್ದಾರೆ. ದೇವರು ತಮ್ಮನ್ನು ತಾವೇ ಮನುಷ್ಯರಿಗೆ ತಿಳಿಯಪಡಿಸುವ ಈ ಕ್ರಿಯೆಗೆ ದೇವಪ್ರಕಟಣೆ ಎಂದು ಹೆಸರು. 1965ರ ನವೆಂಬರ್ 18ರಂದು ಕಥೋಲಿಕ ಧರ್ಮಾಧ್ಯಕ್ಷರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ ಇದೇ ವಿಷಯದ ಮೇಲೆ ಹೊರಡಿಸಿದ ಬೋಧನೆಯಲ್ಲಿ, ದೇವರು ತಮ್ಮ ಪ್ರೀತಿಯ ಹೇರಳದಿಂದ ಮನುಷ್ಯರನ್ನು ಗೆಳೆಯರೆಂದು ಮಾತನಾಡಿಸುತ್ತಾರೆ, ಅವರನ್ನು ತಮ್ಮ ಒಡನಾಟಕ್ಕೆ ಕರೆದುಕೊಳ್ಳುತ್ತಾರೆ ಎಂದಿದೆ. ಗೆಳೆಯನ ಜೊತೆ ಕುಳಿತವನು ಮಾಹಿತಿಗಾಗಿ ಮಾತ್ರ ಕುಳಿತಿರುವುದಿಲ್ಲ ಎಂಬುದು ನೆನಪಿರಲಿ.

ಇಲ್ಲಿ ಬಹಳ ಜನ ಎಡವುತ್ತಾರೆ. ವೀಸಾ ಸಿಗುತ್ತದೆಯೇ, ಅಡಕೆ ಧಾರಣೆ ಏರುತ್ತದೆಯೇ, ಈ ಸಂಬಂಧ ಮಗಳಿಗೆ ಕೂಡಿಬರುತ್ತದೆಯೇ ಎಂದು ಮುಂದಾಗುವುದನ್ನು ತಿಳಿಯಲು ದೇವರ ಬಳಿ ಹೋಗುವುದು ಆಲಿಸುವಿಕೆಯಲ್ಲ, ಕಣಿ ಕೇಳುವುದು. ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಆ ಚಿಂತೆಗಳನ್ನು ದೇವರ ಮುಂದೆ ಇಡಿ, ಖಂಡಿತ ಇಡಿ. ಫಲಿತಾಂಶದ ಮುನ್ಸೂಚನೆಯನ್ನು ಮಾತ್ರ ಕೇಳಬೇಡಿ.

ದರ್ಶನಗಳನ್ನು ಬಯಸುವವರಿಗೆ ಡಿಸೆಂಬರ್ 14 ಒಳ್ಳೆಯ ದಿನ. ಅಂದು ಶಿಲುಬೆಯ ಸಂತ ಯೊವಾನ್ನರ ಸ್ಮರಣೆ. 16ನೇ ಶತಮಾನದ ಸ್ಪೇನಿನ ಈ ಕಾರ್ಮೆಲ್ ಸನ್ಯಾಸಿ ಪ್ರಾರ್ಥನೆಯ ಆಳವನ್ನು ಬಲ್ಲವರಾಗಿದ್ದರೂ, ದೇವರು ತಮ್ಮ ಏಕೈಕ ವಾರ್ತೆಯಾದ ಪುತ್ರನಲ್ಲಿ ಎಲ್ಲವನ್ನೂ ಒಮ್ಮೆಗೇ ಹೇಳಿಬಿಟ್ಟಿರುವುದರಿಂದ, ಅವರಿಂದ ಹೊಸ ದರ್ಶನವನ್ನೋ ಪ್ರಕಟಣೆಯನ್ನೋ ಬೇಡುವವನು ಕ್ರಿಸ್ತರ ಮೇಲಿಂದ ಕಣ್ಣು ತೆಗೆದಂತಾಗುತ್ತದೆ ಎಂದು ಎಚ್ಚರಿಸಿದರು.

2. ಹೊತ್ತು ಮತ್ತು ಜಾಗವನ್ನು ಗೊತ್ತುಮಾಡಿ

ಪ್ರತಿದಿನ ಒಂದೇ ಹೊತ್ತು, ಒಂದೇ ಜಾಗ. ಮೊದಲ ವಾರ ಹತ್ತು ನಿಮಿಷ ಸಾಕು. ಎರಡನೆಯ ವಾರದಿಂದ ಇಪ್ಪತ್ತಕ್ಕೆ ಏರಿಸಿ. ಮೊದಲ ದಿನವೇ ಒಂದು ಗಂಟೆ ಕುಳಿತು ನಾಲ್ಕನೆಯ ದಿನ ಬಿಟ್ಟವರನ್ನು ನಾನು ತುಂಬಾ ಕಂಡಿದ್ದೇನೆ.

ಮೌನವಿಲ್ಲದ ಮನೆಯಲ್ಲಿ ಏನು ಮಾಡುವುದೆಂಬ ಪ್ರಶ್ನೆ ನ್ಯಾಯವಾದದ್ದು. ನಮ್ಮಲ್ಲಿ ಬೆಳಗಿನ ಜಾವಕ್ಕೆ ಮಸೀದಿಯ ಬಾಂಗು, ದೇವಸ್ಥಾನದ ಸುಪ್ರಭಾತ, ಇಗರ್ಜಿಯ ಗಂಟೆ ಒಂದರ ಹಿಂದೆ ಒಂದು ಕೇಳುತ್ತವೆ. ಅವನ್ನು ಅಡ್ಡಿಯೆಂದು ಎಣಿಸಬೇಡಿ, ಈ ಊರು ಎದ್ದು ದೇವರ ಕಡೆ ತಿರುಗುತ್ತಿದೆ ಎಂದು ಎಣಿಸಿ ನೀವೂ ಕುಳಿತುಕೊಳ್ಳಿ. ನಿಜವಾದ ಗದ್ದಲ ಒಳಗಿನದು. ಅರಸುಗಳ ಮೊದಲ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಹೋರೇಬ್ ಬೆಟ್ಟಕ್ಕೆ ಬಂದದ್ದು ಸಾಯುವಷ್ಟು ದಣಿದು. ಅಲ್ಲಿ ಬಂಡೆಗಳನ್ನು ಸೀಳುವ ಗಾಳಿ ಬಂತು, ಭೂಮಿ ಕಂಪಿಸಿತು, ಬೆಂಕಿ ಬಂತು. ಪ್ರಭು ಅವುಗಳಲ್ಲಿ ಇರಲಿಲ್ಲ. ಆಮೇಲೆ ಬಂದ ಒಂದು ಸೂಕ್ಷ್ಮವಾದ, ಮೆಲ್ಲನೆಯ ಸದ್ದಿಗೆ ಎಲೀಯ ಮುಖ ಮುಚ್ಚಿಕೊಂಡು ಗವಿಯ ಬಾಯಿಗೆ ಬಂದು ನಿಂತ. ಗಮನಿಸಬೇಕಾದದ್ದು ಇನ್ನೊಂದಿದೆ: ಅದಕ್ಕೆ ಮುಂಚೆ ದೇವದೂತ ಅವನಿಗೆ ಎರಡು ಸಲ ರೊಟ್ಟಿ ನೀರು ಕೊಟ್ಟು, ನಡುವೆ ಮಲಗಲು ಬಿಟ್ಟ. ನಿದ್ದೆಗೆಟ್ಟ ದೇಹದಿಂದ, ಹಸಿದ ಹೊಟ್ಟೆಯಿಂದ ಆಲಿಸಲು ಹೊರಡಬೇಡಿ. ಕುಸ್ವಾರಿನ, ಅಂದರೆ ಕ್ರಿಸ್ತಜಯಂತಿಯ ತಿಂಡಿಗಳ, ತಯಾರಿಗೆಂದು ರಾತ್ರಿಯಿಡೀ ಒಲೆಯ ಮುಂದೆ ನಿಂತ ತಾಯಂದಿರು ಮರುದಿನ ಬೆಳಗಿನ ಬದಲು ಮಧ್ಯಾಹ್ನದ ಊಟದ ಬಳಿಕ ಕುಳಿತರೂ ದೇವರಿಗೆ ಅಡ್ಡಿಯಿಲ್ಲ.

3. ವಾಕ್ಯವನ್ನು ಅಗಿಯುತ್ತ ಓದಿ

ಪ್ರಾರ್ಥನೆಯೊಡನೆ ಬೈಬಲ್ ಓದುವ ಹಳೆಯ ಕ್ರಮಕ್ಕೆ ಲತೀನ್ ಭಾಷೆಯಲ್ಲಿ ಲೆಕ್ಸಿಯೊ ದಿವೀನಾ, ಅಂದರೆ ದೈವಿಕ ಓದು ಎಂದು ಹೆಸರು. 12ನೇ ಶತಮಾನದ ಕಾರ್ತೂಸಿಯನ್ ಸನ್ಯಾಸಿ ಎರಡನೆಯ ಗ್ವಿಗೊ ಅದನ್ನು ನಾಲ್ಕು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು: ಪಠನ, ಮನನ, ಪ್ರಾರ್ಥನೆ, ತಲ್ಲೀನತೆ. ಪಠನ ಆಹಾರವನ್ನು ಬಾಯಿಗಿಡುತ್ತದೆ, ಮನನ ಅದನ್ನು ಅಗಿಯುತ್ತದೆ, ಪ್ರಾರ್ಥನೆ ರುಚಿಯನ್ನು ಹೊರತರುತ್ತದೆ, ತಲ್ಲೀನತೆಯೇ ಆ ಸವಿ ಎಂಬುದು ಅವರ ಹೋಲಿಕೆ.

ಮಾಡುವ ಕ್ರಮ ಹೀಗೆ. ಅಂದಿನ ಬಲಿಪೂಜೆಗೆ ಗೊತ್ತಾಗಿರುವ ಶುಭಸಂದೇಶದ ಭಾಗವನ್ನು ತುಟಿ ಅಲುಗುವಷ್ಟು ಮೆಲ್ಲನೆ ಓದಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಓದಿ. ಈ ಸಲ ಯಾವುದಾದರೂ ಪದ ಕಾಲಿಗೆ ತೊಡರಿದಂತೆ ತಡೆದರೆ ಅಲ್ಲೇ ನಿಲ್ಲಿ, ಮುಂದೆ ಹೋಗಬೇಡಿ. ಉದಾಹರಣೆಗೆ ಡಿಸೆಂಬರ್ 18ರ ಭಾಗವಾದ ಮತ್ತಾಯ 1:18-25ನ್ನು ತೆಗೆದುಕೊಳ್ಳಿ. ಮರಿಯಾ ಗರ್ಭವತಿಯೆಂದು ತಿಳಿದ ಜೋಸೆಫರು ಆಕೆಯನ್ನು ಅವಮಾನಕ್ಕೆ ಗುರಿಪಡಿಸದೆ ಗುಟ್ಟಾಗಿ ಬಿಟ್ಟುಬಿಡಲು ಮನಸ್ಸು ಮಾಡಿದ್ದರು; ಹೀಗೆ ಆಲೋಚಿಸುತ್ತಿರುವಾಗಲೇ ದೂತ ಕನಸಿನಲ್ಲಿ ಕಾಣಿಸಿಕೊಂಡು ಅಂಜಬೇಡವೆಂದ. ಒಬ್ಬರಿಗೆ ‘ಅಂಜಬೇಡ’ ಎಂಬ ಪದ ತೊಡರಬಹುದು. ಇನ್ನೊಬ್ಬರಿಗೆ ‘ಆಲೋಚಿಸುತ್ತಿರುವಾಗ’ ಎಂಬುದು ತೊಡರಬಹುದು. ತೊಡರಿದ ಪದಕ್ಕೆ ನನ್ನ ಈ ವಾರದಲ್ಲಿ ಸಂಬಂಧವೇನು ಎಂದು ಕೇಳಿಕೊಳ್ಳುವುದು ಮನನ. ಹೊಳೆದದ್ದನ್ನು ದೇವರಿಗೆ ನೇರವಾಗಿ, ಅಲಂಕಾರವಿಲ್ಲದೆ ಹೇಳುವುದು ಪ್ರಾರ್ಥನೆ. ಬಳಿಕ ಎರಡು ಮೂರು ನಿಮಿಷ ಏನನ್ನೂ ಹೇಳದೆ ಇರುವುದು ಕೊನೆಯ ಮೆಟ್ಟಿಲು. ಅಲ್ಲಿ ಏನೂ ಆಗದಿದ್ದರೂ ಆ ಮೂರು ನಿಮಿಷವನ್ನು ಕಡಿಮೆ ಮಾಡಬೇಡಿ.

ಬೈಬಲನ್ನು ಎಲ್ಲೆಂದರಲ್ಲಿ ತೆರೆದು ಬೆರಳಿಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಹಾಗೆ ಸಿಕ್ಕ ವಾಕ್ಯಕ್ಕೆ ಹಿಂದುಮುಂದು ಇರುವುದಿಲ್ಲ, ನಮ್ಮ ಆಸೆಯೇ ಅದಕ್ಕೆ ಅರ್ಥ ಕೊಟ್ಟುಬಿಡುತ್ತದೆ. ಇಷ್ಟವಾದ ವಾಕ್ಯ ಬರುವತನಕ ಮತ್ತೆ ಮತ್ತೆ ತೆರೆಯುವವರೂ ಇದ್ದಾರೆ. ಧರ್ಮಸಭೆ ಗೊತ್ತುಮಾಡಿದ ಓದನ್ನು ಹಿಡಿದರೆ ವಾಕ್ಯವನ್ನು ನೀವು ಆರಿಸುವುದಿಲ್ಲ, ಅದು ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಬೇಡವೆನಿಸಿದ ವಾಕ್ಯವೂ ಆಗ ಎದುರಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬೆಳಿಗ್ಗೆ ಬರುವ ‘ಇಂದಿನ ವಾಗ್ದಾನ’ದ ಚಿತ್ರಗಳ ಬಗ್ಗೆಯೂ ಇದೇ ಎಚ್ಚರಿಕೆ ಸಲ್ಲುತ್ತದೆ.

4. ಡಿಸೆಂಬರ್ 17ರಿಂದ 24: ಎಂಟು ದಿನಗಳ ಪಾಠ

ಆಗಮನ ಕಾಲದ ಮೊದಲ ಭಾಗದಲ್ಲಿ ಯೆಶಾಯ ಪ್ರವಾದಿಯ ನಿರೀಕ್ಷೆ, ಕ್ರಿಸ್ತರ ಪುನರಾಗಮನ, ಸ್ನಾನಿಕ ಯೊವಾನ್ನರ ಕರೆ ಇವು ಮುಖ್ಯವಾಗಿರುತ್ತವೆ. ಡಿಸೆಂಬರ್ 17ರಿಂದ ಓದು ಬೆತ್ಲೆಹೇಮಿನ ಕಡೆ ತಿರುಗುತ್ತದೆ. ಈ ಎಂಟು ದಿನಗಳನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ, ಏಕೆಂದರೆ ದೇವರು ಮಾತನಾಡುವ ಬಗೆಗಳನ್ನು ಇಷ್ಟು ಹತ್ತಿರ ಹತ್ತಿರ ಇಟ್ಟು ತೋರಿಸುವ ಇನ್ನೊಂದು ಓದಿನ ಸಾಲು ನನಗೆ ಗೊತ್ತಿಲ್ಲ. ನಡುವೆ ಬರುವ ಭಾನುವಾರಕ್ಕೆ ಅದರದ್ದೇ ಓದು ಇರುತ್ತದೆ ಎಂಬುದಷ್ಟನ್ನು ಗಮನಿಸಿಕೊಳ್ಳಿ.

17ರಂದು ಬರಿಯ ಹೆಸರುಗಳ ಪಟ್ಟಿ: ಮತ್ತಾಯನ ಶುಭಸಂದೇಶದ ವಂಶಾವಳಿ. ಓದಲು ಬೇಸರವೆಂದು ದಾಟಿಬಿಡುತ್ತೇವೆ. ಆದರೆ ಅಬ್ರಹಾಮನಿಂದ ಇಳಿದುಬರುವ ಆ ಪುರುಷರ ಸಾಲಿನಲ್ಲಿ ತಾಮಾರ್, ರಾಹಾಬ್, ರೂತ್, ಉರೀಯನ ಹೆಂಡತಿ ಎಂದು ನಾಲ್ವರು ಹೆಂಗಸರು ಬರುತ್ತಾರೆ. ಅವರಲ್ಲಿ ಪರದೇಶದವರಿದ್ದಾರೆ, ನೊಂದವರಿದ್ದಾರೆ. ದೇವರು ಕುಟುಂಬದ ಚರಿತ್ರೆಯ ಮೂಲಕ, ನಾವು ಹೇಳಿಕೊಳ್ಳಲು ಹಿಂಜರಿಯುವ ಅಧ್ಯಾಯಗಳ ಮೂಲಕವೂ ಮಾತನಾಡುತ್ತಾರೆ. ಅಂದು ನೋಟ್ ಪುಸ್ತಕದಲ್ಲಿ ನಿಮ್ಮ ಅಜ್ಜ ಅಜ್ಜಿಯರ ಹೆಸರು ಬರೆದು, ಅವರಿಂದ ನಿಮಗೆ ಬಂದದ್ದೇನು ಎಂದು ಯೋಚಿಸಿ.

18ರಂದು ಜೋಸೆಫರ ಕನಸು. 19ರಂದು ಸ್ನಾನಿಕ ಯೊವಾನ್ನರ ತಂದೆ ಜಕರೀಯರು (ಲೂಕ 1:5-25), 20ರಂದು ಮರಿಯಾ (ಲೂಕ 1:26-38). 2026ರಲ್ಲಿ 20ನೇ ತಾರೀಕು ಭಾನುವಾರವಾದರೂ ಶುಭಸಂದೇಶ ಇದೇ. ಈ ಎರಡನ್ನು ಅಕ್ಕಪಕ್ಕ ಇಟ್ಟು ಓದಬೇಕು. ಇಬ್ಬರ ಬಳಿಗೂ ಗಬ್ರಿಯೇಲ್ ದೂತನೇ ಬಂದು ಮಗು ಹುಟ್ಟುವ ಸುದ್ದಿ ಹೇಳಿದ, ಇಬ್ಬರೂ ಪ್ರಶ್ನೆ ಕೇಳಿದರು. ಜಕರೀಯರು ಇದನ್ನು ನಾನು ನಂಬುವುದು ಹೇಗೆಂದು ಕೇಳಿ ಮೂಕರಾದರು. ಮರಿಯಾ ಇದು ಆಗುವುದು ಹೇಗೆಂದು ಕೇಳಿ ವಿವರಣೆ ಪಡೆದರು. ಒಬ್ಬರು ರುಜುವಾತು ಬೇಡಿದರು, ಇನ್ನೊಬ್ಬರು ದಾರಿ ಕೇಳಿದರು. ದೇವರನ್ನು ಪ್ರಶ್ನಿಸುವುದು ತಪ್ಪೆಂದು ಅಂಜುವವರು ಮರಿಯಮ್ಮನ ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಳ್ಳಲಿ. ಜಕರೀಯರ ಮೌನವನ್ನು ಶಿಕ್ಷೆಯೆಂದು ಮಾತ್ರ ನೋಡಬೇಡಿ. ಧೂಪಾರತಿಯ ಗುರುವಾಗಿ ಜೀವನವಿಡೀ ದೇವರ ಮುಂದೆ ಮಾತನಾಡಿದ ವೃದ್ಧರಿಗೆ, ಮಗು ಹುಟ್ಟುವವರೆಗೆ ಕೇಳಿಸಿಕೊಳ್ಳುವುದಷ್ಟೇ ಉಳಿಯಿತು.

21ರಂದು ಮರಿಯಾ ಜಕರೀಯರ ಹೆಂಡತಿ ಎಲಿಜಬೇತಮ್ಮನ ಮನೆಗೆ ಬರುತ್ತಾರೆ. ದೂತ ಹೇಳಿದ್ದನ್ನು ಮರಿಯಾ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಆದರೂ ಬಾಗಿಲಲ್ಲಿ ನಿಂತ ವೃದ್ಧೆ ಅದನ್ನು ದೃಢಪಡಿಸುತ್ತಾಳೆ. ಇಲ್ಲಿ ದೇವರ ಮಾತು ಬಂದದ್ದು ಮನೆಯ ನೆಂಟಳ ಬಾಯಿಂದ. ನಮ್ಮಲ್ಲಿ ಬಹುಪಾಲು ಜನರಿಗೆ ದೇವರ ಮಾತು ತಲಪುವ ದಾರಿ ಇದೇ ಎಂದು ನನ್ನ ಅನುಭವ. 22ರಂದು ಮರಿಯಮ್ಮನ ಸ್ತುತಿಗೀತೆ, 23ರಂದು ಜಕರೀಯರು ಹಲಗೆಯ ಮೇಲೆ ಮಗುವಿನ ಹೆಸರು ಬರೆದೊಡನೆ ನಾಲಿಗೆ ಸಡಿಲವಾದ ಸಂಗತಿ, 24ರ ಬೆಳಿಗ್ಗೆ ಅವರ ಹಾಡು.

5. ಮನಸ್ಸಿನ ಏರಿಳಿತಗಳನ್ನು ಬರೆದಿಡಿ

1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ತೋಪಿನ ಗುಂಡು ತಗಲಿ ಕಾಲು ಮುರಿದ ಸೈನಿಕ, ಮುಂದೆ ಸಂತರಾದ ಲೊಯೋಲಾದ ಇನ್ಯಾಸಿ, ಮನೆಯಲ್ಲಿ ಮಲಗಿದ್ದಾಗ ಒಂದು ವಿಷಯ ಗಮನಿಸಿದರು. ಶೌರ್ಯದ ಕನಸುಗಳನ್ನು ಕಾಣುವಾಗ ಹಿತವಾಗಿದ್ದರೂ ಅನಂತರ ಮನಸ್ಸು ಒಣಗುತ್ತಿತ್ತು. ಕ್ರಿಸ್ತರ ಮತ್ತು ಸಂತರ ಚರಿತ್ರೆಯನ್ನು ಓದಿ ಅವರಂತೆ ಬಾಳುವುದನ್ನು ಊಹಿಸಿದಾಗ ಹಿತ ಆಮೇಲೂ ಉಳಿಯುತ್ತಿತ್ತು. ಈ ಎರಡು ಸ್ಥಿತಿಗಳಿಗೆ ಅವರ ಪರಂಪರೆಯಲ್ಲಿ ಹೆಸರುಗಳಿವೆ. ದೇವರ ಕಡೆಗೆ, ಇತರರ ಕಡೆಗೆ ಮನಸ್ಸು ತೆರೆದುಕೊಳ್ಳುವ ಸ್ಥಿತಿ ಸಾಂತ್ವನ. ಕತ್ತಲೆ, ಕಳವಳ, ಪ್ರಾರ್ಥನೆಯಲ್ಲಿ ಅರುಚಿ ಕವಿಯುವ ಸ್ಥಿತಿ ಶುಷ್ಕತೆ.

ರಾತ್ರಿ ಜಪಸರದ ಬಳಿಕ ಐದು ನಿಮಿಷ ಇದಕ್ಕೆ ಮೀಸಲಿಡಿ. ಇಂದು ಯಾವುದಕ್ಕೆ ಕೃತಜ್ಞತೆ ಮೂಡಿತು, ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು ಎಂದು ಮೂರು ಸಾಲು ಬರೆದರೆ ಸಾಕು. ಒಂದು ದಿನದ ಬರಹದಿಂದ ಏನೂ ತಿಳಿಯುವುದಿಲ್ಲ. ಹತ್ತು ದಿನಗಳ ಪುಟಗಳನ್ನು ಒಟ್ಟಿಗೆ ಓದಿದಾಗ, ಒಂದೇ ವ್ಯಕ್ತಿಯ ಹೆಸರು ಅಥವಾ ಒಂದೇ ತೀರದ ಜಗಳ ಮರುಕಳಿಸಿರುವುದು ಕಣ್ಣಿಗೆ ಬೀಳುತ್ತದೆ. ದೇವರು ಅಲ್ಲಿ ಏನನ್ನೋ ಕೇಳುತ್ತಿರಬಹುದು.

ಸಂತ ಇನ್ಯಾಸಿಯವರ ಎರಡು ಸೂಚನೆಗಳನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಳ್ಳಿ. ಶುಷ್ಕತೆಯ ಹೊತ್ತಿನಲ್ಲಿ ಹಿಂದಿನ ಒಳ್ಳೆಯ ನಿರ್ಧಾರವನ್ನು ಬದಲಿಸಬೇಡಿ. ಮತ್ತು, ಒಳಿತಿನ ದಾರಿಯಲ್ಲಿ ನಡೆಯುತ್ತಿರುವವರಿಗೆ ದೇವರ ಪ್ರೇರಣೆ ಸ್ಪಂಜಿನೊಳಗೆ ನೀರಿನ ಹನಿ ಇಳಿದಂತೆ ಸದ್ದಿಲ್ಲದೆ ಬರುತ್ತದೆ. ಕೆಡುಕಿನ ಪ್ರೇರಣೆ ಕಲ್ಲಿನ ಮೇಲೆ ಬಿದ್ದ ಹನಿಯಂತೆ ಸಿಡಿಯುತ್ತದೆ. ಕೆಡುಕಿನತ್ತ ಜಾರುತ್ತಿರುವವರಿಗೆ ಇದು ತಿರುಗುಮುರುಗು: ಅವರನ್ನು ಚುಚ್ಚುವುದು ದೇವರು.

6. ಪರೀಕ್ಷಿಸದೆ ಒಪ್ಪಬೇಡಿ

ಪವಿತ್ರಾತ್ಮರನ್ನು ನಂದಿಸಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಸಂತ ಪೌಲರು ಥೆಸಲೋನಿಕದವರಿಗೆ ಬರೆದರು. ಮನಸ್ಸಿಗೆ ಬಂದ ಪ್ರೇರಣೆ ಹತ್ತು ಕಟ್ಟಳೆಗಳಿಗೆ ವಿರುದ್ಧವೇ? ನಿಮ್ಮ ಮನೆಯ, ಕೆಲಸದ ಕರ್ತವ್ಯವನ್ನು ಬಿಟ್ಟುಬಿಡಲು ಹೇಳುತ್ತಿದೆಯೇ? ಈಗಲೇ, ಯಾರಿಗೂ ಹೇಳದೆ ಮಾಡೆಂದು ಅವಸರಪಡಿಸುತ್ತಿದೆಯೇ? ಹೌದಾದರೆ ಅಲ್ಲಿಗೇ ನಿಲ್ಲಿಸಿ. ಉಳಿದದ್ದನ್ನು ಗಲಾತ್ಯರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿರುವ ಪ್ರೀತಿ, ಆನಂದ, ಶಾಂತಿ, ಸಹನೆ ಮೊದಲಾದ ಫಲಗಳಿಂದ ಅಳೆಯಿರಿ, ಮತ್ತು ಮೊದಲೇ ಗೊತ್ತುಮಾಡಿಕೊಂಡ ಆ ಒಬ್ಬರಿಗೆ ತಿಳಿಸಿ. ಬಾಲಕ ಸಮುವೇಲನನ್ನು ಪ್ರಭು ಹೆಸರು ಹಿಡಿದು ಕರೆದಾಗ ಅವನು ಅದು ಗುರು ಏಲಿಯ ಕರೆಯೆಂದೇ ತಿಳಿದು ಮೂರು ಸಲ ಅವರ ಬಳಿಗೆ ಓಡಿದ. ಕರೆದವರು ಯಾರೆಂದು ಅವನಿಗೆ ತಿಳಿಸಿಕೊಟ್ಟದ್ದು ಕಣ್ಣು ಮಂಜಾಗಿದ್ದ, ಕುಂದುಕೊರತೆಗಳಿದ್ದ ಅದೇ ಏಲಿ. ನಿಮಗೆ ದಾರಿ ತೋರುವವರು ಪರಿಪೂರ್ಣರೇ ಆಗಿರಬೇಕಿಲ್ಲ.

ಎರಡು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಿ. ದೇವರು ನಿಮ್ಮ ಬಗ್ಗೆ ತನಗೆ ತಿಳಿಸಿದ್ದಾರೆಂದು ಹೇಳಿ ಹಣವನ್ನೋ ವಿಧೇಯತೆಯನ್ನೋ ಕೇಳುವವರಿಂದ ದೂರವಿರಿ, ಅವರು ಎಷ್ಟೇ ಪ್ರಸಿದ್ಧರಾಗಿರಲಿ. ಇನ್ನು, ನಿಮಗಾಗಲಿ ಮನೆಯವರಿಗಾಗಲಿ ನಿಜವಾಗಿಯೂ ಧ್ವನಿಗಳು ಕೇಳುತ್ತಿದ್ದರೆ, ನಿದ್ದೆ ಬಾರದಿದ್ದರೆ, ತನಗೋ ಇತರರಿಗೋ ಹಾನಿ ಮಾಡುವಂತೆ ಆ ಧ್ವನಿ ಹೇಳುತ್ತಿದ್ದರೆ, ತಡಮಾಡದೆ ಮನೋವೈದ್ಯರ ಬಳಿಗೆ ಹೋಗಿ. ಪ್ರಾರ್ಥನಾಕೂಟ ಚಿಕಿತ್ಸೆಗೆ ಬದಲಿಯಲ್ಲ. ಇದರಲ್ಲಿ ನಾಚಿಕೆಪಡುವುದಕ್ಕೆ ಏನೂ ಇಲ್ಲ, ವಿಶ್ವಾಸದ ಕೊರತೆಯೂ ಇದಲ್ಲ.

7. ಕೇಳಿದ್ದಕ್ಕೆ ಕೈಯಿಂದ ಉತ್ತರಿಸಿ

ಶುಭಸಂದೇಶದಲ್ಲಿ ಜೋಸೆಫರ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ನಿದ್ದೆಯಿಂದ ಎದ್ದು ದೂತ ಹೇಳಿದಂತೆ ಮಾಡಿದರು ಎಂದಷ್ಟೇ ಇದೆ. ಮರಿಯಾ ಮಲೆನಾಡಿಗೆ ತ್ವರೆಯಾಗಿ ಹೊರಟರು. ನಾವೇನು ಮಾಡಬೇಕೆಂದು ಜನ ಕೇಳಿದಾಗ ಸ್ನಾನಿಕ ಯೊವಾನ್ನರು ಕೊಟ್ಟ ಉತ್ತರಗಳು (ಲೂಕ 3:10-14) ಎಷ್ಟು ಸರಳವಾಗಿವೆ ನೋಡಿ: ಎರಡು ಅಂಗಿಯಿದ್ದವನು ಇಲ್ಲದವನಿಗೆ ಒಂದು ಕೊಡಲಿ, ಸುಂಕದವನು ಗೊತ್ತಾದದ್ದಕ್ಕಿಂತ ಹೆಚ್ಚು ವಸೂಲು ಮಾಡದಿರಲಿ, ಸೈನಿಕ ಸಂಬಳದಲ್ಲಿ ತೃಪ್ತನಾಗಿರಲಿ. ಯಾರನ್ನೂ ಅವರ ಕೆಲಸ ಬಿಟ್ಟು ಕಾಡಿಗೆ ಬನ್ನಿ ಎನ್ನಲಿಲ್ಲ. ಆದ್ದರಿಂದ ವಾರಕ್ಕೊಂದು ಸಣ್ಣ ಕೆಲಸವನ್ನು ಗೊತ್ತುಮಾಡಿ ಮುಗಿಸಿ: ಗಡಿಕಲ್ಲಿನ ಜಗಳದಿಂದ ಮಾತು ಬಿಟ್ಟ ಅಣ್ಣನ ಮನೆಗೆ ಹೋಗುವುದು, ತೋಟದ ಕೆಲಸದವರ ಬಾಕಿ ಕೂಲಿಯನ್ನು ಕ್ರಿಸ್ತಜಯಂತಿಗೆ ಮುಂಚೆ ಕೊಡುವುದು, ಧರ್ಮಕೇಂದ್ರದ ನಮ್ಮ ವಾಳೆಯಲ್ಲಿ (ವಾರ್ಡಿನಲ್ಲಿ) ಒಂಟಿಯಾಗಿರುವ ವೃದ್ಧರಿಗೆ ಬಾಲಯೇಸುವಿನ ಗೋದಲಿ ಕಟ್ಟಿಕೊಡುವುದು. ಮಾಡಿದ ಮೇಲೆ ಮನಸ್ಸು ಹೇಗಿತ್ತೆಂದು ಬರೆಯಿರಿ. ಪ್ರೇರಣೆ ದೇವರದ್ದಾಗಿತ್ತೇ ಎಂಬುದು ಹಲವು ಸಲ ಕೆಲಸದ ಬಳಿಕವೇ ತಿಳಿಯುತ್ತದೆ.

ಏನೂ ಕೇಳಿಸದಿದ್ದರೆ

24ನೇ ತಾರೀಕಿನವರೆಗೆ ನಿಷ್ಠೆಯಿಂದ ಕುಳಿತರೂ ಏನೂ ಆಗಲಿಲ್ಲವೆಂದು ಕೆಲವರು ನೋವಿನಿಂದ ಬರೆಯುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು, ಆ ಮೌನ ನಿಮ್ಮ ತಪ್ಪಲ್ಲ. 1890ರಲ್ಲಿ ಕಟ್ಟಿದ ನಮ್ಮ ಬೇಳದ ದೇವಾಲಯ ಶೋಕಮಾತೆಯ, ಅಂದರೆ ನೊಂದ ಮರಿಯಮ್ಮನ, ಹೆಸರಿನದು. ಗಬ್ರಿಯೇಲನ ಮಾತು ಕೇಳಿದ ಮರಿಯಮ್ಮನೇ, ನಿನ್ನ ಹೃದಯವನ್ನು ಅಲಗೊಂದು ಇರಿಯುವುದೆಂಬ, ಮಹಾದೇವಾಲಯದಲ್ಲಿ ಎದುರಾದ ಸಿಮಿಯೋನನ ಮಾತನ್ನೂ ಕೇಳಬೇಕಾಯಿತು. ದೂತ ಹೊರಟುಹೋದ ಮೇಲೆ ಆಕೆಯ ಬಳಿಗೆ ಮತ್ತೆ ಬಂದನೆಂದು ಶುಭಸಂದೇಶದಲ್ಲಿ ಎಲ್ಲಿಯೂ ಇಲ್ಲ. ಅರ್ಥವಾಗದ್ದನ್ನು ಆಕೆ ಹೃದಯದಲ್ಲಿಟ್ಟು ಮಥಿಸುತ್ತಿದ್ದರೆಂದು ಲೂಕ ಎರಡನೆಯ ಅಧ್ಯಾಯದಲ್ಲಿ ಎರಡು ಬಾರಿ ಬರೆದಿದ್ದಾನೆ.

ನೋಟ್ ಪುಸ್ತಕವನ್ನು 25ರಂದು ಮುಚ್ಚಿಡಬೇಡಿ. ಡಿಸೆಂಬರ್ 28, ನಿರ್ದೋಷಿ ಶಿಶುಗಳ ಹಬ್ಬದಂದು, ಮತ್ತಾಯ 2:13-18ರಲ್ಲಿ ಜೋಸೆಫರ ಎರಡನೆಯ ಕನಸು ಬರುತ್ತದೆ. ಅದನ್ನೂ ಎರಡು ಸಲ, ಮೆಲ್ಲನೆ ಓದಿ.